ಮೂರನೆಯ ಕಾರು

2016ರ ಬೇಸಿಗೆಯಲ್ಲಿ ನನ್ನ ಮಾವನವರು ಆಡಿದ ಒಂದು ಮಾತು ಇಷ್ಟು ವರ್ಷ ಕಳೆದರೂ ನನ್ನ ಬೆನ್ನು ಬಿಟ್ಟಿಲ್ಲ. ಆಗ ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೆವು. ಬಾಣಂತನಕ್ಕೆಂದು ಬಂದ ಅತ್ತೆಯವರಿಗೆ ಕೈತುಂಬ ಕೆಲಸವಿತ್ತು; ಅವರ ಜೊತೆಗೆ ಬಂದ ಮಾವನವರಿಗೆ ಆರು ತಿಂಗಳು ಹೊತ್ತು ಕಳೆಯುವುದೇ ದೊಡ್ಡ ಸಮಸ್ಯೆಯಾಗಿತ್ತು. ದಾವಣಗೆರೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಲಾರಿ, ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ ನಡೆಸಿದವರು ಅವರು. ಸೇತುವೆ, ಸಮುದ್ರ, ಮಾಲು ಯಾವುದನ್ನು ತೋರಿಸಿದರೂ ಎರಡು ನಿಮಿಷ ನೋಡಿ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮುಂದೇನು ಎನ್ನುವಂತೆ ನನ್ನ ಮುಖ ನೋಡುತ್ತಿದ್ದರು. ಒಂದು ಶನಿವಾರ ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನಕ್ಕೆ ಹೋಗಿ, ಪ್ರಸಾದ ಮುಗಿಸಿ ಮರಳುವಾಗ, ಹತ್ತಿರದ ಡ್ಯಾನ್‌ವಿಲ್ಲಿನಲ್ಲಿರುವ ಬ್ಲ್ಯಾಕ್‌ಹಾಕ್ ಮ್ಯೂಸಿಯಮ್ಮಿಗೆ ಅವರನ್ನು ಕರೆದುಕೊಂಡು ಹೋದೆ. ನಿಜ ಹೇಳಬೇಕೆಂದರೆ ಅದು ಅವರಿಗಾಗಿ ಅಲ್ಲ, ನನಗಾಗಿ. ಎಂಜಿನಿಯರಿಂಗ್ ಓದುವಾಗಿನಿಂದ ಚಿತ್ರದಲ್ಲಷ್ಟೇ ನೋಡಿದ್ದ ಮೂರು ಕಾರುಗಳು ಅಲ್ಲಿ ಒಟ್ಟಿಗೆ ನಿಂತಿದ್ದವು.

ಇಟಲಿಯ ಕಾರು ಕಂಪನಿ ಆಲ್ಫಾ ರೋಮಿಯೋದ ಬ್ಯಾಟ್ 5, ಬ್ಯಾಟ್ 7 ಮತ್ತು ಬ್ಯಾಟ್ 9. 1953, 1954 ಮತ್ತು 1955ರ ಟುರಿನ್ ಮೋಟಾರು ಪ್ರದರ್ಶನಗಳಲ್ಲಿ ವರ್ಷಕ್ಕೊಂದರಂತೆ ಜನರೆದುರು ಬಂದ ಪ್ರಯೋಗದ ಕಾರುಗಳಿವು. ಒಂದೊಂದರದ್ದೂ ಒಂದೇ ಪ್ರತಿ. ಬ್ಯಾಟ್ ಎಂದರೆ ಇಟಾಲಿಯನ್ನಿನ ‘ಬೆರ್ಲಿನೆಟ್ಟಾ ಏರೋದಿನಾಮಿಕಾ ತೆಕ್ನಿಕಾ’ ಎಂಬುದರ ಮೊದಲಕ್ಷರಗಳು; ವಾಯುಶಾಸ್ತ್ರದ ಲೆಕ್ಕಾಚಾರದಿಂದ ಮಾಡಿದ ಪುಟ್ಟ ಮುಚ್ಚುಕಾರು ಎಂದು ಅರ್ಥ ಮಾಡಿಕೊಂಡರೆ ಸಾಕು. ಇಟಲಿಯಲ್ಲಿ ಬಾವಲಿಗೆ ಬೇರೆಯದೇ ಹೆಸರಿದೆ. ಆದರೆ ಈ ಕಾರುಗಳ ಹಿಂಭಾಗವನ್ನು ಒಮ್ಮೆ ಕಂಡವರಿಗೆ ಇಂಗ್ಲಿಷಿನ ಬ್ಯಾಟ್, ಅಂದರೆ ನಮ್ಮ ಬಾವಲಿಯೇ, ನೆನಪಿಗೆ ಬರುತ್ತದೆ. ಹೆಸರಿಟ್ಟವರಿಗೆ ಹೊಳೆಯದ ಶ್ಲೇಷೆ ಆಕಾರದಲ್ಲಿ ತಾನಾಗಿ ಕೂಡಿಬಂದಿದೆ.

ಕತ್ತಲೆ ಎನ್ನಬಹುದಾದಷ್ಟು ಮಂದ ಬೆಳಕು, ಮುಖ ಕಾಣುವಂತೆ ಹೊಳೆಯುವ ಕಪ್ಪು ನೆಲ, ಅದರ ಮೇಲೆ ಬೆಳ್ಳಿಯ ಕಡೆಗೆ ವಾಲಿದ ಬೂದುಬಣ್ಣದ ಮೂರು ಒಡಲುಗಳು. ನಾನು ಎರಡನೆಯದರ ಮುಂದೆ ನಿಂತುಬಿಟ್ಟೆ. ಬ್ಯಾಟ್ 7ರ ಹಿಂದಿನ ಎರಡು ರೆಕ್ಕೆಗಳು ಬಾಗಿಲಿನ ಹಿಂದಿನಿಂದಲೇ ಎದ್ದು, ಮೇಲೇರುತ್ತ, ಕೊನೆಗೆ ಒಳಕ್ಕೆ ಬಾಗಿ, ಒಂದನ್ನೊಂದು ಮುಟ್ಟಲು ಹೋಗಿ ನಡುವೆ ನಿಂತಂತಿವೆ. ನಮಸ್ಕಾರಕ್ಕೆಂದು ಎತ್ತಿದ ಎರಡು ಕೈಗಳು ಸೇರುವ ಮುನ್ನ ನಿಂತರೆ ಹೇಗಿರುತ್ತದೋ ಹಾಗೆ. ಅವುಗಳ ನಡುವೆ ಹಿಂಗಾಜು ಎರಡಾಗಿ ಸೀಳಿಕೊಂಡು, ನಡುಬೆನ್ನಿನಂತಹ ಒಂದು ತೆಳು ಗೆರೆಯ ಇಕ್ಕೆಲಗಳಲ್ಲಿ ಇಳಿಯುತ್ತದೆ. ಹದಿನೈದು ನಿಮಿಷವಾದರೂ ನಾನು ಅಲ್ಲೇ ಇದ್ದಿರಬೇಕು. ತಿರುಗಿ ನೋಡಿದರೆ ಮಾವನವರು ಮೊದಲನೆಯ ಕಾರಿನ ಬಳಿ, ಹಗ್ಗದ ಈಚೆಗೆ ಮೊಣಕಾಲೂರಿ ಕುಳಿತಿದ್ದರು. ಅಂಗೈಯನ್ನು ಕಾರಿನ ಮೈಗೆ ಸಮಾನಾಂತರವಾಗಿ ಗಾಳಿಯಲ್ಲಿ ಹಿಡಿದು, ಕುದುರೆಯ ಬೆನ್ನು ಸವರುವವರಂತೆ ಮುಂದಿನಿಂದ ಹಿಂದಕ್ಕೆ ಸರಿಸುತ್ತಿದ್ದರು.

“ಇದು ಒಂದೇ ತಗಡು ಅಲ್ಲ ಅಳಿಯಂದಿರೇ. ಇಲ್ಲಿ ಜೋಡ್ಸ್ಯಾರೆ, ಇಲ್ಲಿ ಮತ್ತೊಂದು,” ಎಂದು ತೋರಿಸಿದರು. ನನಗೆ ಏನೂ ಕಾಣಿಸಲಿಲ್ಲ. ದೀಪದ ಬೆಳಕು ಬಣ್ಣದ ಮೇಲೆ ಹರಿಯುವಾಗ ಎಲ್ಲಿ ಕೂದಲೆಳೆಯಷ್ಟು ತಡವರಿಸುತ್ತದೆ ಎಂಬುದನ್ನು ಅವರು ನೋಡುತ್ತಿದ್ದರು. ಇಂತಹ ಬಾಗುಗಳನ್ನು ಅಚ್ಚಿನಲ್ಲಿ ಒತ್ತಿ ತೆಗೆಯುವುದಲ್ಲ. ತಗಡನ್ನು ಮರಳಿನ ಚೀಲದ ಮೇಲಿಟ್ಟು ಕೊಡತಿಯಲ್ಲಿ ಬಡಿದು ಬಡಿದು ಹಿಗ್ಗಿಸಿ, ಆಮೇಲೆ ಕೆಳಗೆ ಡಾಲಿ ಹಿಡಿದು ಸುತ್ತಿಗೆಯಲ್ಲಿ ಸಮ ಮಾಡುತ್ತ ಬರಬೇಕು ಎಂದು ವಿವರಿಸಿದರು. ಜೇಬಿನಲ್ಲಿ ಅಯಸ್ಕಾಂತವಿದ್ದಿದ್ದರೆ ಎಲ್ಲಿ ಪುಟ್ಟಿ ತುಂಬಿದ್ದಾರೆ ಎಂಬುದನ್ನೂ ಹೇಳಿಬಿಡುತ್ತಿದ್ದೆ ಎಂದು ನಕ್ಕರು. ಆ ಕಾಲದ ಟುರಿನ್ನಿನಲ್ಲಿ ಇದೇ ಕೆಲಸ ಮಾಡುತ್ತಿದ್ದವರನ್ನು ‘ಬತ್ತಿಲಾಸ್ತ್ರಾ’ ಎನ್ನುತ್ತಿದ್ದರು. ಪದದ ಅರ್ಥವೇ ತಗಡು ಬಡಿಯುವವನು. ಇದನ್ನು ಹೇಳಿದಾಗ ಮಾವನವರು, “ಅಂದ್ರೆ ನಮ್ಮ ಟಿಂಕರು,” ಎಂದು ಒಂದೇ ಪದದಲ್ಲಿ ಮುಗಿಸಿದರು.

ಆಮೇಲೆ ಎರಡನೆಯದನ್ನು ನೋಡಿದರು. “ಹಿಂದಿನ ಗಾಡಿ ಹೆಂಗೆ ಕಾಣ್ತದೆ ಇದರಾಗೆ?” ಎಂದರು. ನಾನು ಉತ್ತರಿಸಲಿಲ್ಲ. ಮೂರನೆಯದಕ್ಕೆ ಬಂದಾಗ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬ್ಯಾಟ್ 9ರಲ್ಲಿ ರೆಕ್ಕೆಗಳು ಕುಗ್ಗಿ ಸಣ್ಣ ಬಾಲಗಳಾಗಿವೆ, ಮುಚ್ಚಿಹೋಗಿದ್ದ ಚಕ್ರಗಳು ಹೊರಗೆ ಕಾಣಿಸಿಕೊಂಡಿವೆ, ಮೂಗಿನಲ್ಲಿ ಆಲ್ಫಾದ ಪರಿಚಿತ ಗುರಾಣಿಯಾಕಾರದ ಗ್ರಿಲ್ ಬಂದು ಕುಳಿತಿದೆ. ನನ್ನ ಪಾಲಿಗೆ ಅದು ರಾಜಿಯ ಕಾರು, ಕನಸು ಕಂಡವನು ಬೆಳಗಾದ ಮೇಲೆ ಕಚೇರಿಗೆ ಹೊರಟಂತೆ. ಮಾವನವರು ಮಾತ್ರ ತಲೆಯಾಡಿಸಿ, “ಇದು ಕಾರು. ಆ ಎರಡೂ ಜಾತ್ರಿ ತೇರು,” ಎಂದರು.

ಹೊರಗೆ ಬಂದು ಕಾರಿನಲ್ಲಿ ಕೂರುವವರೆಗೂ ನಾನು ಮಾತಾಡಲಿಲ್ಲ. ಸಂಗೀತ ಕಛೇರಿಯಿಂದ ಹೊರಬಂದವರೊಬ್ಬರು ಮೈಕಿನ ಬಗ್ಗೆ ಮಾತಾಡಿದರೆ ಎಷ್ಟು ಸಿಟ್ಟು ಬರುತ್ತದೋ ಅಷ್ಟು ಸಿಟ್ಟು ಬಂದಿತ್ತು.

ಬಸ್ಸಿನ ಹಿಂದಿನ ಧೂಳು

ಸಿಟ್ಟಿಗೆ ಕಾರಣವಿತ್ತು. ಬ್ಯಾಟ್ ಕಾರುಗಳ ರೆಕ್ಕೆಗಳನ್ನು ಅಲಂಕಾರವೆಂದು ತಿಳಿದವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಅದೇ ಕಾಲದ ಅಮೆರಿಕನ್ ಕಾರುಗಳಿಗೂ ರೆಕ್ಕೆಗಳಿದ್ದವು. 1948ರ ಕ್ಯಾಡಿಲ್ಯಾಕಿನಲ್ಲಿ ಯುದ್ಧವಿಮಾನದ ಬಾಲವನ್ನು ನೋಡಿ ಸಣ್ಣದಾಗಿ ಶುರುವಾದದ್ದು 1959ರ ಹೊತ್ತಿಗೆ ಎದೆಮಟ್ಟಕ್ಕೆ ಬೆಳೆದು ನಿಂತಿತ್ತು. ಅವು ಶುದ್ಧ ಸೊಗಸುಗಾರಿಕೆ, ಮದುವೆ ಮನೆಯ ಝರಿ ಪೇಟದ ಜಾತಿಯವು. ಟುರಿನ್ನಿನ ರೆಕ್ಕೆಗಳು ಹುಟ್ಟಿದ್ದು ಲೆಕ್ಕದಿಂದ.

ಆ ಲೆಕ್ಕವನ್ನು ವಿವರಿಸಲು ನನಗೆ ನೆರವಾದವರು ಮತ್ತೆ ಮಾವನವರೇ ಎಂಬುದನ್ನು ಒಪ್ಪಿಕೊಳ್ಳಬೇಕು. ಹಿಂದಿರುಗುವ ದಾರಿಯಲ್ಲಿ, ಮೌನ ಮುರಿಯಲೆಂದು ಗಾಳಿಯ ಪ್ರತಿರೋಧದ ಬಗ್ಗೆ ಹೇಳಲು ಶುರುಮಾಡಿದೆ. ಗಾಳಿ ಮುಂದಿನಿಂದ ತಳ್ಳುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ, ಆದರೆ ಅದಕ್ಕಿಂತ ಹೆಚ್ಚಾಗಿ ಅದು ಹಿಂದಿನಿಂದ ಎಳೆಯುತ್ತದೆ ಎಂದೆ. ಅವರು ಆಶ್ಚರ್ಯಪಡಲಿಲ್ಲ. ಮಣ್ಣು ರಸ್ತೆಯಲ್ಲಿ ಓಡುವ ಬಸ್ಸಿನ ಮುಂದಿನ ಕಿಟಕಿಯಿಂದ ಧೂಳು ಅಷ್ಟಾಗಿ ಒಳಗೆ ಬರುವುದಿಲ್ಲ. ಹಿಂದಿನ ಬಾಗಿಲು ಒಂದಿಂಚು ತೆರೆದಿದ್ದರೂ ಕೊನೆಯ ಸೀಟಿನವರ ತಲೆಯೆಲ್ಲ ಕೆಂಪಾಗುತ್ತದೆ. ಬಸ್ಸು ತಾನು ಎಬ್ಬಿಸಿದ ಧೂಳನ್ನು ತಾನೇ ಒಳಕ್ಕೆ ಹೀರಿಕೊಳ್ಳುತ್ತದೆ. ಹಾಗಾಗಿ ಹಿಂದಿನ ಬಾಗಿಲಿಗೆ ಯಾವಾಗಲೂ ಜೋಡು ರಬ್ಬರ್ ಪಟ್ಟಿ ಹಾಕಿಸುತ್ತಿದ್ದೆವು ಎಂದರು. ನಾನು ಎರಡು ಸೆಮಿಸ್ಟರ್ ಓದಿದ ಪಾಠ ಅದು. ಚಪ್ಪಟೆ ಬೆನ್ನಿನ ವಾಹನದ ಹಿಂದೆ ಗಾಳಿ ಮೈಯನ್ನು ಬಿಟ್ಟು ಚದುರಿ ಸುಳಿಸುಳಿಯಾಗುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ, ಆ ಕಡಿಮೆ ಒತ್ತಡವೇ ವಾಹನವನ್ನು ಹಿಂದಕ್ಕೆ ಜಗ್ಗುತ್ತದೆ. ಈ ಪ್ರತಿರೋಧ ವೇಗದ ವರ್ಗದಂತೆ ಏರುತ್ತದೆ; ಅದನ್ನು ಗೆಲ್ಲಲು ಬೇಕಾದ ಎಂಜಿನ್ ಶಕ್ತಿ ವೇಗದ ಘನದಂತೆ ಏರುತ್ತದೆ. ವೇಗ ಎರಡರಷ್ಟಾದರೆ ಗಾಳಿಗೆಂದು ಕೊಡಬೇಕಾದ ಕಂದಾಯ ಎಂಟರಷ್ಟು.

ಪರಿಹಾರವೂ ಹೊಸದೇನಲ್ಲ. ಮೀನು ಮುಂದೆ ದುಂಡಗಿದ್ದು ಹಿಂದೆ ಸಪೂರವಾಗುತ್ತ ಹೋಗುತ್ತದೆ. ನೀರು ಅದರ ಮೈಯನ್ನು ಬಿಡದೆ ಕೊನೆಯವರೆಗೂ ಹಿಂಬಾಲಿಸುತ್ತದೆ. ಜೆಪ್ಪೆಲಿನ್ ಆಕಾಶನೌಕೆಗಳ ಕೆಲಸದಿಂದ ಬಂದ ಪಾಲ್ ಯಾರೈ 1920ರ ದಶಕದಲ್ಲೇ ಇಂತಹ ಕಾರುಗಳನ್ನು ರೂಪಿಸಿದ್ದ. ತೊಂದರೆಯೆಂದರೆ ಮೀನಿನಂತಹ ಬಾಲಕ್ಕೆ ಬಹಳ ಉದ್ದ ಬೇಕು. ಅಷ್ಟು ಉದ್ದದ ಕಾರನ್ನು ಊರೊಳಗೆ ತಿರುಗಿಸುವುದು ಹೇಗೆ? ವುನಿಬಾಲ್ಡ್ ಕಾಮ್ ಎಂಬ ಜರ್ಮನ್ ವಿಜ್ಞಾನಿ ಹೇಳಿದ್ದು ಇನ್ನೊಂದು ದಾರಿ: ಬಾಲವನ್ನು ಸ್ವಲ್ಪ ದೂರ ಇಳಿಸಿ, ಆಮೇಲೆ ಕತ್ತಿಯಲ್ಲಿ ಕಡಿದಂತೆ ನಿಲ್ಲಿಸಿ, ನಷ್ಟ ನೀವು ಹೆದರಿದಷ್ಟಿಲ್ಲ. ಬ್ಯಾಟ್ ಕಾರುಗಳು ಹಿಡಿದದ್ದು ಮೂರನೆಯ ದಾರಿ. ಬಾಲವನ್ನು ಗಿಡ್ಡ ಮಾಡಿದರೂ, ಚಾವಣಿಯ ಮೇಲಿನಿಂದ ಇಳಿಯುವ ಗಾಳಿಯೂ ಪಕ್ಕಗಳಿಂದ ಬರುವ ಗಾಳಿಯೂ ಅಂಚಿನಲ್ಲಿ ಸಿಕ್ಕಾಗಿ ಸುಳಿಯಾಗದಂತೆ ನಡುವೆ ಬಾಗಿದ ಗೋಡೆ ಕಟ್ಟಿ, ಎರಡನ್ನೂ ಮೆಲ್ಲಗೆ ಹಿಂದಕ್ಕೆ ನಡೆಸಿಕೊಂಡು ಹೋಗುವುದು. ರೆಕ್ಕೆಗಳೆಂದರೆ ಆ ಗೋಡೆಗಳು. ಬಾಣದ ಹಿಂದಿನ ಗರಿಗಳಂತೆ ಕಾರನ್ನು ನೇರ ದಾರಿಯಲ್ಲಿ ಹಿಡಿದಿಡುವ ಕೆಲಸವೂ ಅವುಗಳದ್ದೇ. ಮುಚ್ಚಿದ ಚಕ್ರಗಳು, ಮೂಗಿನ ಪಕ್ಕದಲ್ಲಿ ಅಡಗಿದ್ದು ಬೇಕಾದಾಗ ಹೊರಬರುವ ದೀಪಗಳು, ಚಾವಣಿಯೊಳಗೆ ಕರಗಿದಂತಿರುವ ಮುಂಗಾಜು ಎಲ್ಲವೂ ಇದೇ ವಾದದ ಮುಂದುವರಿಕೆ.

ಫಲವನ್ನು ಡ್ರ್ಯಾಗ್ ಗುಣಾಂಕವೆಂಬ ಅಂಕಿಯಲ್ಲಿ ಹೇಳುತ್ತಾರೆ; ಅದು ಕಡಿಮೆಯಾದಷ್ಟೂ ಆಕಾರಕ್ಕೆ ಗಾಳಿಯ ತಡೆ ಕಡಿಮೆ. ಮೊದಲನೆಯ ಕಾರಿಗೆ 0.23, ಎರಡನೆಯದಕ್ಕೆ 0.19. ಆಗಿನ ಸಾಮಾನ್ಯ ಕಾರುಗಳದ್ದು 0.4ಕ್ಕಿಂತ ಕೆಳಗಿಳಿಯುತ್ತಿರಲಿಲ್ಲ. ಎರಡು ಲೀಟರಿಗಿಂತ ಕಡಿಮೆಯ, ಸುಮಾರು 100 ಅಶ್ವಶಕ್ತಿಯ ಆಲ್ಫಾ 1900ರ ಎಂಜಿನ್ನನ್ನೇ ಇಟ್ಟುಕೊಂಡು ಬ್ಯಾಟ್ 5 ಗಂಟೆಗೆ 200 ಕಿಲೋಮೀಟರ್ ಮುಟ್ಟಿತೆಂದರೆ ಅದಕ್ಕೆ ಕಾರಣ ಎಂಜಿನ್ನಿನ ಬಲವಲ್ಲ, ತಗಡಿನ ಬಾಗು.

ಯೋಲ್‌ನಲ್ಲಿ ಕಳೆದ ವರ್ಷಗಳು

ಈ ರೆಕ್ಕೆಗಳನ್ನು ಬರೆದವನ ಹೆಸರು ಫ್ರಾಂಕೋ ಸ್ಕಾಲ್ಯೋನೆ. 1916ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿದವನು; ಓದಿದ್ದು ವಿಮಾನ ಎಂಜಿನಿಯರಿಂಗ್. ಯುದ್ಧ ಬಂತು, ಸೈನ್ಯ ಸೇರಿ ಲಿಬಿಯಾಕ್ಕೆ ಹೋದ, 1941ರ ಡಿಸೆಂಬರಿನಲ್ಲಿ ತೊಬ್ರುಕ್ಕಿನ ಬಳಿ ಬ್ರಿಟಿಷರ ಕೈಗೆ ಸಿಕ್ಕ. ಅಲ್ಲಿಂದ ಅವನನ್ನು ಸಾಗಿಸಿದ್ದು ಭಾರತಕ್ಕೆ, ಹಿಮಾಲಯದ ಧೌಲಾಧಾರ್ ಸಾಲಿನ ಬುಡದಲ್ಲಿರುವ ಯೋಲ್ ಎಂಬ ಊರಿನ ಯುದ್ಧಕೈದಿಗಳ ಶಿಬಿರಕ್ಕೆ. ಮರಳಿ ಇಟಲಿಯ ನೆಲ ಮೆಟ್ಟುವಾಗ 1946ರ ಕೊನೆ. ಇಪ್ಪತ್ತೈದರಿಂದ ಮೂವತ್ತರವರೆಗಿನ ವಯಸ್ಸು, ಎಂಜಿನಿಯರನೊಬ್ಬ ಏನಾದರೂ ಮಾಡಿ ತೋರಿಸಬೇಕಾದ ವಯಸ್ಸು, ಇಡಿಯಾಗಿ ಮುಳ್ಳುತಂತಿಯ ಒಳಗೆ ಕಳೆದುಹೋಯಿತು.

ಇದನ್ನು ಓದಿದ ದಿನ ನನಗೆ ವಿಚಿತ್ರವಾದ ಕಸಿವಿಸಿಯಾಯಿತು. ಆ ಯುದ್ಧಕಾಲದಲ್ಲಿ ಬೆಂಗಳೂರಿನ ಜಾಲಹಳ್ಳಿಯ ಕಡೆಯೂ ಇಟಲಿಯ ಕೈದಿಗಳ ಶಿಬಿರಗಳಿದ್ದವು. ಮತ್ತಿಕೆರೆಯಲ್ಲಿ ಬೆಳೆದ ನನ್ನ ಅಜ್ಜಿ ‘ಇಟಲಿಯೋರು’ ಎಂದು ಒಮ್ಮೊಮ್ಮೆ ಹೇಳುತ್ತಿದ್ದುದುಂಟು; ಚಿಕ್ಕವನಾಗಿದ್ದ ನಾನು ಅದೊಂದು ಮನೆತನದ ಹೆಸರೆಂದುಕೊಂಡಿದ್ದೆ. ನಮ್ಮೂರಿನ ಬೇಲಿಯಾಚೆ ನಿಂತಿದ್ದ ಆ ಜನ ಯುದ್ಧ ಮುಗಿದ ಮೇಲೆ ಊರಿಗೆ ಮರಳಿ ಏನಾದರು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಸ್ಕಾಲ್ಯೋನೆಯಂತೂ ಮರಳಿದ ಮೇಲೆ ಕೆಲಕಾಲ ಬಟ್ಟೆಗಳ ವಿನ್ಯಾಸ ಬರೆದು ಹೊಟ್ಟೆ ಹೊರೆದ. ಕಾಂಗ್ಡಾ ಕಣಿವೆಯ ಹದ್ದುಗಳನ್ನು ನೋಡುತ್ತ ಆತ ರೆಕ್ಕೆಯ ಕನಸು ಕಂಡ ಎಂದು ಬರೆದುಬಿಡುವ ಆಸೆ ನನಗೂ ಆಗಿತ್ತು. ಆದರೆ ಅಂತಹ ಕಥೆಗಳು ಕೈದಿಯ ಐದು ವರ್ಷಗಳನ್ನು ಬರೆಯುವವನ ಅನುಕೂಲಕ್ಕೆ ಬಳಸಿಕೊಳ್ಳುತ್ತವೆ. ಆ ರೆಕ್ಕೆಗಳ ಮೂಲ ವಿಮಾನದ ರೆಕ್ಕೆಗಳ ಓದಿನಲ್ಲಿದೆ. ಆ ಓದನ್ನು ಕಾರಿಗೆ ತರುವ ಅವಕಾಶ ಅವನಿಗೆ ಸಿಕ್ಕಿದ್ದು ಮೂವತ್ತೈದು ದಾಟಿದ ಮೇಲೆ.

ಅವಕಾಶ ಕೊಟ್ಟವನು ನುಚ್ಚೋ ಬೆರ್ತೋನೆ. ಅವನ ತಂದೆ 1912ರಲ್ಲಿ ಟುರಿನ್ನಿನಲ್ಲಿ ಆರಂಭಿಸಿದ ಬಾಡಿ ಕಟ್ಟುವ ಕಾರ್ಖಾನೆ ಯುದ್ಧಾನಂತರ ಸೊರಗಿತ್ತು. ಮೊದಲೆಲ್ಲ ಕಾರು ಕಂಪನಿ ಚಾಸಿಸ್ ಕೊಡುತ್ತಿತ್ತು, ಇಂತಹ ಕಾರ್ಖಾನೆಗಳು ಅದರ ಮೇಲೆ ಗಿರಾಕಿಗೆ ಬೇಕಾದ ಒಡಲು ಕಟ್ಟುತ್ತಿದ್ದವು. ಈಗ ಒಡಲೂ ಚಾಸಿಸ್ಸೂ ಒಂದೇ ಆದ ಕಾರುಗಳು ಬರತೊಡಗಿದ್ದವು. ಆಲ್ಫಾ ರೋಮಿಯೋದ 1900 ಕೂಡ ಅಂತಹುದೇ, ಆ ಕಂಪನಿ ಜೋಡಣೆಯ ಸಾಲಿನಲ್ಲಿ ತಯಾರಿಸಿದ ಮೊದಲ ಕಾರು. (ಲಾರಿ ಕಂಪನಿಗಳು ಪೂರ್ತಿ ಕಟ್ಟಿದ ಬಾಡಿಯನ್ನೇ ಮಾರತೊಡಗಿದಾಗ ತಮ್ಮ ಶೆಡ್ಡಿಗೆ ಏನಾಯಿತೆಂಬುದನ್ನು ಮಾವನವರು ಬಿಡಿಸಿ ಹೇಳಬೇಕಾಗಿರಲಿಲ್ಲ, ಅವರು ನಿವೃತ್ತರಾದದ್ದೇ ಆ ಕಾರಣಕ್ಕೆ.) ಇಂತಹ ಹೊತ್ತಿನಲ್ಲಿ ಬದುಕಿ ಉಳಿಯಬೇಕಾದರೆ ಟುರಿನ್ನಿನ ಬಡಗಿಗಳೂ ತಗಡಿನವರೂ ಕಾರು ಕಂಪನಿಗಳ ಕಣ್ಣಿಗೆ ಬೀಳುವಂತಹದೇನನ್ನಾದರೂ ಮಾಡಬೇಕಿತ್ತು. 1952ರಲ್ಲಿ ಬೆರ್ತೋನೆಗಾಗಿ ಸ್ಕಾಲ್ಯೋನೆ ಮಾಡಿದ ಅಬಾರ್ತ್ 1500 ಎಂಬ, ಮೂಗಿನ ನಡುವೆ ಮೂರನೆಯ ದೀಪವಿದ್ದ ಪುಟ್ಟ ಕಾರು ಆಲ್ಫಾದವರ ಕಣ್ಣಿಗೆ ಬಿತ್ತು. ಬಾಂಬು ಬಿದ್ದು ಹಾಳಾಗಿದ್ದ ಮಿಲಾನಿನ ಕಾರ್ಖಾನೆಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದ ಆ ಕಂಪನಿ 1900ರ ಚಾಸಿಸ್ ಕೊಟ್ಟು, ಗಾಳಿಯ ವಿಷಯದಲ್ಲಿ ಏನು ಮಾಡಬಲ್ಲಿರಿ ತೋರಿಸಿ ಎಂದಿತು.

ಉಣ್ಣೆಯ ಎಳೆಗಳು

ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಇಡೀ ಕಾರನ್ನು ನಿಲ್ಲಿಸಿ ಗಾಳಿ ಬೀಸಿ ನೋಡುವ ಸುರಂಗ ಆಗ ಇಟಲಿಯಲ್ಲಿರಲಿಲ್ಲ; ಅಂತಹ ಮೊದಲ ಸುರಂಗವನ್ನು ಪಿನಿನ್‌ಫರೀನಾ ಸಂಸ್ಥೆ ಟುರಿನ್ನಿನ ಬಳಿ ತೆರೆದದ್ದು 1972ರಲ್ಲಿ. ಸ್ಕಾಲ್ಯೋನೆ ಮಾಡಿದ್ದೇನೆಂದರೆ, ಉಣ್ಣೆಯ ಸಣ್ಣ ಸಣ್ಣ ಎಳೆಗಳನ್ನು ಕಾರಿನ ಮೈತುಂಬ ಅಂಟಿಸಿ, ಹೆದ್ದಾರಿಯಲ್ಲಿ ಓಡಿಸಿ, ಓಡುವಾಗ ಅದರ ಫೋಟೋ ತೆಗೆಸುವುದು. ಎಲ್ಲಿ ಎಳೆಗಳು ಹಿಂದಕ್ಕೆ ಬಾಚಿದ ಕೂದಲಿನಂತೆ ಮೈಗೆ ಒತ್ತಿ ಮಲಗಿವೆಯೋ ಅಲ್ಲಿ ಗಾಳಿ ಒಪ್ಪಿಕೊಂಡಿದೆ. ಎಲ್ಲಿ ಎದ್ದು ಕುಣಿಯುತ್ತಿವೆಯೋ, ಮುಂದಕ್ಕೆ ತಿರುಗಿ ನಿಂತಿವೆಯೋ ಅಲ್ಲಿ ಗಾಳಿ ಜಗಳವಾಡುತ್ತಿದೆ. ಮರಳಿ ಕಾರ್ಖಾನೆಗೆ ಬಂದು ಆ ಜಾಗದ ತಗಡನ್ನು ತಿದ್ದುವುದು, ಮತ್ತೆ ಹೊರಡುವುದು. ಜಗತ್ತಿನ ಅತಿ ನಯವಾದ ಕಾರುಗಳಲ್ಲೊಂದನ್ನು ಅಳೆಯಲು ಬಳಸಿದ್ದು ಸ್ವೆಟರ್ ಹೆಣೆದು ಮಿಕ್ಕ ನೂಲಿನಂತಹ ವಸ್ತು. ಈ ಕಾರಣಕ್ಕಾಗಿಯೇ 0.19 ಎಂಬ ಅಂಕಿಯನ್ನು ಇಂದಿನ ಸುರಂಗಗಳಲ್ಲಿ ತೆಗೆದ ಅಂಕಿಗಳ ಪಕ್ಕದಲ್ಲಿಟ್ಟು ಹೋಲಿಸುವಾಗ ಸ್ವಲ್ಪ ಎಚ್ಚರ ಬೇಕು. ಆದರೆ ಎಳೆಗಳು ಸುಳ್ಳು ಹೇಳುವುದಿಲ್ಲ. ಅಂಕಿ ಆಚೀಚೆ ಆದರೂ ಗಾಳಿ ಮೈಗೆ ಹತ್ತಿಕೊಂಡಿತ್ತೇ ಇಲ್ಲವೇ ಎಂಬುದನ್ನು ಅವು ಕಣ್ಣಿಗೇ ತೋರಿಸುತ್ತವೆ.

ಎರಡನೆಯ ಕಾರಿನಲ್ಲಿ ಸ್ಕಾಲ್ಯೋನೆ ತನಗೆ ತಾನೇ ಹಾಕಿಕೊಂಡಿದ್ದ ಕಡಿವಾಣವನ್ನು ಬಿಟ್ಟ. ಮೂಗು ಇನ್ನೂ ತಗ್ಗಿತು, ರೆಕ್ಕೆಗಳು ಇನ್ನೂ ಬೆಳೆದು ಒಳಕ್ಕೆ ಸುರುಳಿಗೊಂಡವು. ಪ್ರದರ್ಶನದ ದಿನ ಬಂದರೂ ಕೆಲಸ ಮುಗಿದಿರಲಿಲ್ಲ. ಕೊನೆಗೆ ಬೆರ್ತೋನೆ ಮತ್ತು ಸ್ಕಾಲ್ಯೋನೆ ತಾವೇ ಕಾರನ್ನು ಓಡಿಸಿಕೊಂಡು ಪ್ರದರ್ಶನಕ್ಕೆ ತಲುಪಿಸಬೇಕಾಯಿತು. 1954ರ ಟುರಿನ್ನಿನ ಬೀದಿಯನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಸೈಕಲ್ಲುಗಳು, ಟ್ರಾಮುಗಳು, ಪುಟಾಣಿ ಫಿಯೆಟ್ಟುಗಳ ನಡುವೆ ರೆಕ್ಕೆ ಮಡಚಿದ ಒಂದು ಜೀವಿ ಗೇರು ಬದಲಿಸುತ್ತ ಹೋಗುತ್ತಿದೆ. ಒಳಗೆ ಕುಳಿತ ಇಬ್ಬರಿಗೆ ಹಿಂದೆ ಯಾರು ಬರುತ್ತಿದ್ದಾರೆ ಎಂಬುದು ಸರಿಯಾಗಿ ಕಾಣಿಸುತ್ತಿಲ್ಲ.

ಹೌದು, ಕಾಣಿಸುತ್ತಿರಲಿಲ್ಲ. ಮುಂದೆ ಅಮೆರಿಕಕ್ಕೆ ಹೋದ ಈ ಎರಡನೆಯ ಕಾರಿನ ರೆಕ್ಕೆಗಳನ್ನು, ಹಿಂದಿನದು ನೋಡಲು ಅಡ್ಡಿಯೆಂದು, ಒಂದು ಹಂತದಲ್ಲಿ ಕತ್ತರಿಸಿ ಹಾಕಲಾಗಿತ್ತು. ಬಹಳ ವರ್ಷಗಳ ಮೇಲೆ ದುರಸ್ತಿಯಾದಾಗ ಅವು ಮರಳಿ ಬಂದವು. ಇದನ್ನು ಓದಿದಾಗ ಡ್ಯಾನ್‌ವಿಲ್ಲಿನಲ್ಲಿ ಮಾವನವರು ಕೇಳಿದ ಪ್ರಶ್ನೆ ನೆನಪಾಗಿ ನಾನು ಒಬ್ಬನೇ ನಕ್ಕೆ. ಹಿಂದಿನ ಗಾಡಿ ಹೆಂಗೆ ಕಾಣ್ತದೆ ಇದರಾಗೆ?

ಉಳಿದ ಅಂಕಿ, ಉದುರಿದ ರೆಕ್ಕೆ

ಅಂದಿನಿಂದ ಮೂರನೆಯ ಕಾರನ್ನು ಹೊಸದಾಗಿ ನೋಡಲು ಶುರುಮಾಡಿದೆ. ಚಿತ್ರದಲ್ಲಿ, ಅಷ್ಟೆ, ಮತ್ತೆ ಡ್ಯಾನ್‌ವಿಲ್ಲಿಗೆ ಹೋಗಲಾಗಲಿಲ್ಲ. 1955ರ ಹೊತ್ತಿಗೆ ಆಲ್ಫಾದವರ ಅಪೇಕ್ಷೆ ಬದಲಾಗಿತ್ತು. ಹಿಂದಿನ ವರ್ಷ, ಬ್ಯಾಟ್ 7 ನಿಂತಿದ್ದ ಅದೇ ಪ್ರದರ್ಶನದಲ್ಲಿ ಬೆರ್ತೋನೆಯ ಜೂಲಿಯೆಟ್ಟಾ ಸ್ಪ್ರಿಂಟ್ ಎಂಬ ಚಿಕ್ಕ, ಚೊಕ್ಕ ಕಾರೂ ಬಂದಿತ್ತು. ಅದರ ಗೆರೆಗಳಲ್ಲೂ ಸ್ಕಾಲ್ಯೋನೆಯ ಕೈಯಿತ್ತು. ಜನ ನೋಡಲು ಮುತ್ತಿದ್ದು ರೆಕ್ಕೆಯ ಕಾರನ್ನು, ಮುಂಗಡ ಕೊಟ್ಟಿದ್ದು ಈ ಕಾರಿಗೆ. ಕೆಲವು ಹತ್ತಾರು ಬಾಡಿ ಕಟ್ಟಿಕೊಂಡಿದ್ದ ಬೆರ್ತೋನೆ ದೊಡ್ಡ ಕಾರ್ಖಾನೆಯ ಒಡೆಯನಾದದ್ದು ಅದರಿಂದ. ಹಾಗಾಗಿ ಮೂರನೆಯ ಬ್ಯಾಟ್‌ಗೆ ಒಂದು ಹೊಸ ಪ್ರಶ್ನೆ ಎದುರಾಗಿತ್ತು: ನೀನು ಕಲಿತದ್ದರಲ್ಲಿ ರಸ್ತೆಗೆ ತರಬಹುದಾದದ್ದು ಎಷ್ಟು?

ಉತ್ತರ 1957ರಲ್ಲಿ ಬಂತು. ಜೂಲಿಯೆಟ್ಟಾ ಸ್ಪ್ರಿಂಟ್ ಸ್ಪೆಷಾಲೆ ಎಂಬ ಹೆಸರಿನಲ್ಲಿ ಸ್ಕಾಲ್ಯೋನೆ ರೂಪಿಸಿದ ಈ ಕಾರು 1959ರಿಂದ ಮಾರಾಟಕ್ಕೂ ಸಿಕ್ಕಿತು. ಇದಕ್ಕೆ ರೆಕ್ಕೆಯಿಲ್ಲ. ಮೂಗು ಬ್ಯಾಟ್ ಕಾರುಗಳದ್ದೇ ತಂಗಿ, ಚಾವಣಿ ಉದ್ದಕ್ಕೆ ಇಳಿಯುತ್ತದೆ, ಕೊನೆಯಲ್ಲಿ ಬಾಲ ಕಾಮ್ ಹೇಳಿದಂತೆ ಕಡಿದು ನಿಂತಿದೆ. 1290 ಸಿಸಿಯ, 100 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಗಂಟೆಗೆ 200 ಕಿಲೋಮೀಟರ್. ಡ್ರ್ಯಾಗ್ ಗುಣಾಂಕ 0.28. ಬ್ಯಾಟ್ 5 ಒಂಟಿ ಪ್ರಯೋಗವಾಗಿ ಮುಟ್ಟಿದ ವೇಗವನ್ನು ಆರು ವರ್ಷಗಳಲ್ಲಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವಂತಾಯಿತು, ಅದೂ ಅದಕ್ಕಿಂತ ಚಿಕ್ಕ ಎಂಜಿನ್ನಿನಲ್ಲಿ. ಮೊದಲೆರಡು ಕಾರುಗಳಿಂದ ಈ ಕಾರಿಗೆ ನೇರ ದಾರಿಯಿಲ್ಲ. ನಡುವೆ ಮೂರನೆಯದನ್ನು ದಾಟಿಯೇ ಬರಬೇಕು. ನಾನು ರಾಜಿ ಎಂದುಕೊಂಡದ್ದು ಅನುವಾದವಾಗಿತ್ತು. ಅದನ್ನು ಓದಲು ನನಗೆ ಬರಲಿಲ್ಲ, ಮೂವತ್ತು ವರ್ಷ ಗಿರಾಕಿಗಳ ಬಸ್ಸು ಕಟ್ಟಿದವರಿಗೆ ಬಂತು.

ಇಷ್ಟು ಒಪ್ಪಿಕೊಂಡ ಮೇಲೂ ನನ್ನ ಮನಸ್ಸು ಪೂರ್ತಿಯಾಗಿ ಮಾವನವರ ಕಡೆ ವಾಲಿಲ್ಲ ಎಂಬುದನ್ನೂ ಹೇಳಬೇಕು. 1996ರಲ್ಲಿ ಜನರಲ್ ಮೋಟಾರ್ಸ್ ಹೊರತಂದ ಇವಿ1 ಎಂಬ ವಿದ್ಯುತ್ ಕಾರಿನ ಗುಣಾಂಕ 0.19. ಈಗಿನ ಲೂಸಿಡ್ ಏರ್ 0.197, ಮರ್ಸಿಡಿಸ್ ಇಕ್ಯೂಎಸ್ 0.20. ಬ್ಯಾಟರಿಯ ಒಂದೊಂದು ಕಿಲೋಮೀಟರನ್ನೂ ಎಣಿಸಬೇಕಾದ ಈ ಕಾಲದಲ್ಲಿ ಸ್ಕಾಲ್ಯೋನೆಯ ಅಂಕಿಗೆ ಎಲ್ಲಿಲ್ಲದ ಬೆಲೆ ಬಂದಿದೆ. ಆದರೆ ಈ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಹೆಸರು ಮುಚ್ಚಿದರೆ ಯಾವುದು ಯಾವುದೆಂದು ಗುರುತಿಸುವುದು ನನ್ನಂಥವನಿಗೂ ಕಷ್ಟ. ಎಲ್ಲವೂ ವಾರ ಬಳಸಿದ ಸೋಪಿನ ಬಿಲ್ಲೆಗಳು. ಚಪ್ಪಟೆ ಹೊಟ್ಟೆ, ತಾನಾಗಿ ಮುಚ್ಚುವ ಗ್ರಿಲ್, ಕಂಪ್ಯೂಟರಿನಲ್ಲಿ ಸಾವಿರ ಸಲ ತಿದ್ದಿದ ಬಾಗುಗಳು ಸೇರಿ ರೆಕ್ಕೆಯ ಅಗತ್ಯವನ್ನೇ ಇಲ್ಲವಾಗಿಸಿವೆ. ಬರಲಿರುವ ಕಾಲ ಹೀಗಿರುತ್ತದೆ ಎಂದು 1954ರಲ್ಲಿ ಜನರಿಗೆ ತೋರಿಸಿದ ಕಾರಿನಿಂದ ಆ ಕಾಲ ತೆಗೆದುಕೊಂಡದ್ದು ದಶಮಾಂಶದ ಎರಡು ಸ್ಥಾನಗಳನ್ನು ಮಾತ್ರ. ಗಾಳಿಯ ಜೊತೆಗಿನ ಮಾತುಕತೆ ಬ್ಯಾಟ್ 7ರಲ್ಲಿ ಹೊರಗಿನವರಿಗೂ ಕಾಣುತ್ತಿತ್ತು. ಈಗ ಅದು ಮುಚ್ಚಿದ ಕೋಣೆಯ ವ್ಯವಹಾರ. ಅಂಕಿ ಒಂದೇ ಆದರೂ ನೋಡುವವನಿಗೆ ಏನೂ ಹೇಳದ ಕಾರು ಹೆಚ್ಚು ಮುಂದುವರಿದದ್ದು ಎಂದು ನನಗೆ ಅನ್ನಿಸುವುದಿಲ್ಲ. ತೇರು ವರ್ಷಕ್ಕೊಮ್ಮೆ ಮಾತ್ರ ಹೊರಡುತ್ತದೆ, ಅದಕ್ಕೆಂದು ಯಾರೂ ತೇರನ್ನು ಎತ್ತಿನಗಾಡಿಗೆ ಹೋಲಿಸಿ ಬೈಯುವುದಿಲ್ಲ ಎಂದು ಒಮ್ಮೆ ಮಾವನವರ ಜೊತೆ ವಾದಿಸಿದ್ದೆ. ಅವರು, “ತೇರಿಗೂ ಚಕ್ರ ತಿರುಗ್ಬೇಕಲ್ರಿ,” ಎಂದು ಸುಮ್ಮನಾದರು.

ಸ್ಕಾಲ್ಯೋನೆ 1959ರಲ್ಲಿ ಬೆರ್ತೋನೆಯನ್ನು ಬಿಟ್ಟ. 1967ರ ಆಲ್ಫಾ 33 ಸ್ತ್ರದಾಲೆ ಅವನದೇ. ರಸ್ತೆಗೆ ಬಂದ ಅತಿ ಚೆಲುವಿನ ಕಾರು ಯಾವುದೆಂಬ ಜಗಳದಲ್ಲಿ ಇಂದಿಗೂ ಅದರ ಹೆಸರು ಬಾರದೆ ಇರುವುದಿಲ್ಲ. ಆಮೇಲೆ ಆತ ಈ ಲೋಕದಿಂದ ದೂರ ಸರಿದ. ಕೊನೆಯ ದಿನಗಳನ್ನು ಟಸ್ಕನಿಯ ಸುವೆರೆತೋ ಎಂಬ ಸಣ್ಣ ಊರಿನಲ್ಲಿ ಕಳೆದು 1993ರಲ್ಲಿ ತೀರಿಕೊಂಡ. ಅದಕ್ಕೆ ನಾಲ್ಕು ವರ್ಷ ಮೊದಲು, 1989ರಲ್ಲಿ, ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಕಾರು ಮೇಳದಲ್ಲಿ ಮೂರೂ ಬ್ಯಾಟ್‌ಗಳು ಮೊದಲ ಬಾರಿಗೆ ಒಟ್ಟಿಗೆ ನಿಂತವು. ಅಲ್ಲಿಯವರೆಗೆ ಅವು ಬೇರೆ ಬೇರೆ ಕೈಗಳಲ್ಲಿದ್ದವು. ಅವುಗಳಲ್ಲಿ ಮೂರನೆಯದು ಮಿಷಿಗನ್ನಿನ ಒಂದು ಊರಿನಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ಸೆಕೆಂಡ್‌ಹ್ಯಾಂಡ್ ಕೊಂಡು, ಹತ್ತಿರ ಹತ್ತಿರ ಮೂವತ್ತು ವರ್ಷ ಇಟ್ಟುಕೊಂಡಿದ್ದ ಕಾರು. ಹದಿನಾರರ ಹುಡುಗನಿಗೆ ಒಪ್ಪಿಸಬಹುದಾದ ಬ್ಯಾಟ್ ಅದೊಂದೇ ಎಂದು ಈಗ ನನಗೂ ಅನ್ನಿಸುತ್ತದೆ.

2020ರ ಅಕ್ಟೋಬರ್ 28ರಂದು ನ್ಯೂಯಾರ್ಕಿನ ಸದಬೀಸ್ ಸಂಸ್ಥೆ ಮೂರನ್ನೂ ಒಂದೇ ಗುಂಪಾಗಿ ಹರಾಜು ಹಾಕಿತು. ಕಾರುಗಳ ಹರಾಜಿನಲ್ಲಲ್ಲ, ಸಮಕಾಲೀನ ಚಿತ್ರಕಲೆ, ಶಿಲ್ಪಗಳ ಸಂಜೆಯ ಹರಾಜಿನಲ್ಲಿ. ಒಂದು ಕೋಟಿ 48 ಲಕ್ಷ 40 ಸಾವಿರ ಡಾಲರಿಗೆ ಹೋದವು. ನಾವು ಆಗಲೇ ಬೆಂಗಳೂರಿಗೆ ಮರಳಿದ್ದೆವು, ಕೊರೋನಾದ ದಿನಗಳು, ದಾವಣಗೆರೆಗೆ ಹೋಗುವಂತಿರಲಿಲ್ಲ. ಮಾವನವರಿಗೆ ಫೋನು ಮಾಡಿ ಸುದ್ದಿ ಹೇಳಿದೆ. ರೂಪಾಯಿಯಲ್ಲಿ ಎಷ್ಟು ಎಂದು ಕೇಳಿದರು. ಸುಮಾರು 110 ಕೋಟಿ ಎಂದೆ.

“ಮೂರಕ್ಕೂ ಸೇರಿಯಾ?”

“ಮೂರಕ್ಕೂ ಸೇರಿ ಮಾವ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಭಾಗಾಕಾರ ನಡೆದಿತ್ತೆಂದು ಕಾಣುತ್ತದೆ. ಆಮೇಲೆ, “ಹಂಗಾದ್ರೆ ಮೂರನೇದು ಅಗ್ಗಕ್ಕೆ ಹೋತು ಬಿಡ್ರಿ,” ಎಂದರು.